ನಿಮ್ಮ ಕೂಲಿ ಎಲ್ಲಿ ಹಿಡದೀರಿ?

ಸಂತೆಯಲ್ಲಿ ಬೆಲೆ ಇಳಿಸಲು ಜಗಳವಾಡುವವರನ್ನು ದಿನವೂ ನೋಡುತ್ತೇವೆ. ಬೆಲೆ ಏರಿಸಲು ಜಗಳವಾಡಿದವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಜಮಖಂಡಿಯ ಕಾಲೇಜಿನಲ್ಲಿ ನನಗೆ ಮೂರು ವರ್ಷ ಲೆಕ್ಕಶಾಸ್ತ್ರ ಕಲಿಸಿದ ಮೇಡಂ. ಈ ವರ್ಷ ಅವರು ನಿವೃತ್ತರಾದರು. ಸಮಾರಂಭದಲ್ಲಿ ಮಾತಾಡಲು ನನ್ನ ಹೆಸರೂ ಕರೆದಿದ್ದರು. ಮೈಕಿನ ಮುಂದೆ ನಿಂತಾಗ ನಾಲ್ಕು ಮಾತು ಮಾತ್ರ ಬಂದವು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಕಾಲೇಜು ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಮೇಡಂ ಮುಂದೆ ಹೋಗುತ್ತಿದ್ದರು. ಕುಳ್ಳಗಿನ ದೇಹ, ದಪ್ಪ ಕನ್ನಡಕ, ಗಂಜಿ ಹಾಕಿದ ಬನಹಟ್ಟಿ ಸೀರೆ. ನಡಿಗೆ ಮಾತ್ರ ಓಟದಂಥದು. ಹೂವು ಮಾರುವ ಹೆಂಗಸಿನ ಮುಂದೆ ಗಕ್ಕನೆ ನಿಂತರು.

"ಮಾರಿಗೆ ಎಷ್ಟವಾ?"

"ಹದಿನೈದ್ರಿ ಅಕ್ಕಾರ."

"ಹೂವಿಗೆ ಏನ್ ಕೊಟ್ಟಿ?"

ಹೆಂಗಸು ಅನುಮಾನದಿಂದ ನೋಡಿದಳು. "ಹೂವು, ದಾರ ಕೂಡಿ ಹನ್ನೆಲ್ಡು ಬೀಳ್ತೈತ್ರಿ. ಖರೇನ ಹೇಳಾಕತ್ತೇನಿ, ಕಡಿಮಿ ಕೇಳಬ್ಯಾಡ್ರಿ."

"ಕಡಿಮಿ ಯಾರು ಕೇಳ್ಯಾರ? ಕಟ್ಟಲಿಕ್ಕೆ ಎಷ್ಟು ಹೊತ್ತು ಹಿಡೀತು?"

"ಆಗ್ತೈತ್ರಿ ಅರ್ಧಾ ತಾಸು."

"ಮತ್ತ ನಿನ್ನ ಕೂಲಿ ಎಲ್ಲಿ ಹಿಡದಿ ಇದರಾಗ?"

"ನನ್ನ ಕೂಲಿ ಏನ್ರಿ, ಕುಂತಲ್ಲೇ ಕಟ್ಟೂದು."

"ಕುಂತು ಮಾಡಿದ್ದಕ್ಕ ಕೂಲಿ ಇಲ್ಲಂದ್ರ ನನಗೂ ಪಗಾರ ಕೊಡಬಾರದು. ನಾನೂ ಕುರ್ಚಿ ಮ್ಯಾಲೇ ಕೂಡ್ತೀನಿ," ಎಂದು ಮೇಡಂ ಇಪ್ಪತ್ತರ ನೋಟು ಕೊಟ್ಟು ನಡೆದೇಬಿಟ್ಟರು. ಹೆಂಗಸು ಚಿಲ್ಲರೆ ಹಿಡಿದುಕೊಂಡು ಹಿಂದೆ ಓಡಿದಳು. ಮೇಡಂ ತೆಗೆದುಕೊಳ್ಳಲಿಲ್ಲ. ನಡುರಸ್ತೆಯಲ್ಲಿ ಇಬ್ಬರೂ ವಾದಕ್ಕೆ ನಿಂತರು. ಹಿಂದಿದ್ದ ಆಟೋದವನು ಹಾರ್ನ್ ಒತ್ತಿ ಒತ್ತಿ ಸುಸ್ತಾದ.

ಒಂದು ವಾರ ಬಿಟ್ಟು ಅವಳೇ ಮೇಡಮ್ಮನ್ನು ಕೂಗಿ ಕರೆದು ವರದಿ ಒಪ್ಪಿಸಿದಳು. "ಇಪ್ಪತ್ತು ಅಂದ್ರ ಯಾರೂ ನಿಲ್ಲಲಿಲ್ರಿ ಅಕ್ಕಾರ. ಹದಿನೆಂಟಕ್ಕ ನಿಂತಾರ ನೋಡ್ರಿ." ಮರುದಿನ ಮೇಡಂ ತರಗತಿಯಲ್ಲಿ ಈ ಸಂಗತಿ ಹೇಳಿ, ಬೆಲೆ ಎಂದರೆ ಬರೀ ಖರ್ಚಿನ ಕೂಡಿಕೆಯಲ್ಲ, ಕೊಳ್ಳುವವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ನೋಡಬೇಕು ಎಂದರು. ಆಮೇಲೆ ತಮ್ಮ ಪೆದ್ದುತನಕ್ಕೆ ತಾವೇ ಜೋರಾಗಿ ನಕ್ಕರು. ಆ ನಗೆಗೆ ಪಕ್ಕದ ಕೋಣೆಯ ಪಾಠ ನಿಲ್ಲುತ್ತಿತ್ತು.

ಅವರ ತರಗತಿ ಹೀಗೇ ಇರುತ್ತಿತ್ತು. "ಪುಸ್ತಕದಾಗಿಂದು ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಊರಾಗಿಂದು ನೋಡೋಣು," ಎನ್ನುತ್ತಿದ್ದರು. ಒಮ್ಮೆ ಬಟ್ಟೆಯ ಚೀಲದಿಂದ ಒಂದು ಸೌತೆಕಾಯಿ ತೆಗೆದು ಮೇಜಿನ ಮೇಲಿಟ್ಟರು. ಅದು ಹೊಲದಿಂದ ಮೇಜಿನವರೆಗೆ ಬರಲು ಎಷ್ಟು ಕಡೆ ಸುಮ್ಮನೆ ಕೂತಿತ್ತು, ಹಾಗೆ ಕೂತದ್ದಕ್ಕೆ ಯಾರು ದುಡ್ಡು ತೆತ್ತರು ಎಂದು ಒಂದು ತಾಸು ಚರ್ಚೆ ನಡೆಯಿತು. ಪಾಠ ಮುಗಿದ ಮೇಲೆ ಸೌತೆಕಾಯಿ ಹೆಚ್ಚಿ ಎಲ್ಲರಿಗೂ ಹಂಚಿದರು. ಇಷ್ಟು ಚೆನ್ನಾಗಿ ಕಲಿಸಿದರೂ ನಾನು ಅವರದೇ ವಿಷಯದಲ್ಲಿ ಒಮ್ಮೆ ಫೇಲಾದೆ ಎಂಬುದು ಬೇರೆ ಮಾತು.

ಮದುವೆಯಾಗಿ ಬನಹಟ್ಟಿಗೆ ಬಂದೆ. ಗಂಡ, ಭಾವ ಇಬ್ಬರೂ ಪವರ್‌ಲೂಮ್ ಕೆಲಸದವರು. ಗಂಡ ಮಗ್ಗ ನಡೆಸುತ್ತಾರೆ, ಭಾವ ಕೆಟ್ಟ ಮಗ್ಗ ರಿಪೇರಿ ಮಾಡುತ್ತಾರೆ. ನಮ್ಮ ಅತ್ತೆಯ ಕೈರೊಟ್ಟಿ ಓಣಿಗೆಲ್ಲ ಹೆಸರುವಾಸಿ. ಮದುವೆ ಮುಂಜಿಗೆ ಯಾರಾದರೂ ಕೇಳಿದರೆ ನೂರಿನ್ನೂರು ಖಡಕ್ ರೊಟ್ಟಿ ಮಾಡಿಕೊಡುತ್ತಿದ್ದರು. ನಾನು ಜೊತೆಗೆ ಸೇರಿ ಅದನ್ನೇ ಕಸುಬು ಮಾಡಿದೆ. ಶಾಂತವ್ವ, ಮಲ್ಲವ್ವ ಎಂಬ ಇಬ್ಬರು ಓಣಿಯ ಹೆಂಗಸರು ಕೂಲಿಗೆ ಬಂದರು. ರೊಟ್ಟಿ ಜಮಖಂಡಿ, ಮಹಾಲಿಂಗಪುರದ ಅಂಗಡಿಗಳಿಗೆ ಹೋಗತೊಡಗಿತು. ನಾಲ್ಕು ಜನ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ದುಡಿದರೂ ನಾನೂರು ದಾಟುತ್ತಿರಲಿಲ್ಲ.

ಆಗ ಮುಧೋಳದ ಗುತ್ತಿಗೆದಾರರೊಬ್ಬರು ಬಂದರು. ಹಾಸ್ಟೆಲುಗಳಿಗೆ ಊಟ ಪೂರೈಸುವವರು. ದಿನಕ್ಕೆ ಐನೂರು ರೊಟ್ಟಿ ಬೇಕು, ವರ್ಷಪೂರ್ತಿ ಬೇಕು, ಆದರೆ ದರ ನಾವು ಅಂಗಡಿಗೆ ಕೊಡುವುದಕ್ಕಿಂತ ಕಡಿಮೆ ಎಂದರು. ಭಾವನಿಗೆ ಹಿಗ್ಗೋ ಹಿಗ್ಗು. ರೊಟ್ಟಿ ಒತ್ತುವ ಮಷಿನ್ ತಂದರೆ ಐನೂರೇನು, ಸಾವಿರ ಮಾಡಬಹುದು ಎಂದರು. ಮಷಿನ್ ಮಾರುವವರ ಹತ್ತಿರ ಎರಡು ಸಲ ಹೋಗಿ ನೋಡಿಯೂ ಬಂದಿದ್ದರು. ಸೋಮವಾರ ಮುಂಗಡ ಕೊಡುವುದೆಂದು ಮಾತಾಯಿತು. ಮುಂಗಡಕ್ಕೆ ಅತ್ತೆಯ ಚಿನ್ನದ ಪಾಟ್ಲಿ ಒತ್ತೆಯಿಡಬೇಕು. ಅತ್ತೆ ಕೈಯಿಂದ ಪಾಟ್ಲಿ ಬಿಚ್ಚಿ ಅರಿಷಿಣದ ಡಬ್ಬಿಯಲ್ಲಿಟ್ಟರು. ಮಷಿನ್ ಬಂದರೆ ಶಾಂತವ್ವ, ಮಲ್ಲವ್ವರ ಕೆಲಸ ಏನಾಗುತ್ತದೆಂದು ಯಾರೂ ಕೇಳಲಿಲ್ಲ. ಅವರಿಬ್ಬರೂ ಕೇಳಲಿಲ್ಲ, ಆದರೆ ಆ ವಾರ ಅವರ ಮಾತು ಕಡಿಮೆಯಾಯಿತು.

ನನಗೆ ಎದೆಯಲ್ಲಿ ಏನೋ ಕೊರೆಯುತ್ತಿತ್ತು. ಯಾಕೆಂದು ಹೇಳಲು ಬಾರದು. ಶನಿವಾರ ಮೇಡಂಗೆ ಫೋನ್ ಮಾಡಿದೆ. ಕಾಲೇಜು ಬಿಟ್ಟು ಒಂಬತ್ತು ವರ್ಷವಾಗಿತ್ತು.

"ಮೇಡಂ, ನೆನಪೈತೋ ಇಲ್ಲೋ, ನಿಮ್ಮ ಪೇಪರ್‌ನ್ಯಾಗ ಒಮ್ಮೆ ಫೇಲಾಗಿದ್ದೆ..."

"ಫೇಲಾದವರೇ ನನಗ ನೆನಪಿರ್ತಾರವಾ. ಪಾಸಾದವರಿಗೆ ನನ್ನಿಂದ ಏನಾಗಬೇಕಾಗ್ಯದ? ಹೇಳು."

ಹೇಳಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು. "ನಾಳೆ ರೊಟ್ಟಿ ಮಾಡ್ತೀರೋ, ಐತವಾರ ಅಂತ ಸೂಟಿನೋ?"

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದರು. ಚಹಾ ಕುಡಿದು, ಒಲೆಗಳಿಂದ ಸ್ವಲ್ಪ ದೂರ ಮಣೆ ಹಾಕಿಕೊಂಡು ಕೂತರು. ತೊಡೆಯ ಮೇಲೆ ನೋಟ್‌ಬುಕ್, ಮೊಣಕಾಲ ಮೇಲೆ ಬಿಚ್ಚಿಟ್ಟ ಕೈಗಡಿಯಾರ. ಎರಡು ತಾಸು ಒಂದು ಮಾತಿಲ್ಲ. ಯಾರು ಎಷ್ಟು ಹೊತ್ತಿಗೆ ಹಿಟ್ಟು ನಾದಿದರು, ಬಡಿದರು, ಹಂಚಿನಿಂದ ತೆಗೆದರು ಎಂದು ಬರೆದುಕೊಳ್ಳುತ್ತಲೇ ಇದ್ದರು. ಅತ್ತೆಗೆ ತಡೆಯಲಾಗಲಿಲ್ಲ.

"ಇವರು ಸಾಲಿ ಇನ್ಸ್‌ಪೆಕ್ಟರ ಅದಾರೇನ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಅತ್ತೆಯ ಪಿಸುಮಾತು ಬೀದಿಗೆ ಕೇಳುವಂಥದು.

"ಹೌದ್ರಿ," ಎಂದರು ಮೇಡಂ ತಲೆಯೆತ್ತದೆ. "ಆದ್ರ ನೀವು ಪಾಸ್ ಆಗೀರಿ, ಅಂಜಬ್ಯಾಡ್ರಿ."

ಆಮೇಲೆ ಮೂಲೆಯಲ್ಲಿದ್ದ ಬಿದಿರ ಬುಟ್ಟಿಯನ್ನು ತೋರಿಸಿದರು. ಬೇಯಿಸಿ ತೆಗೆದ ಮೆತ್ತನೆಯ ರೊಟ್ಟಿಗಳು ಅದರಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

"ಇವು ಯಾಕ ಇಲ್ಲಿ ಕುಂತಾವ?"

"ಒಣಗಾಕ್ರಿ," ಎಂದಳು ಶಾಂತವ್ವ. "ಒಲಿ ಸುತ್ತ ಜಾಗಾ ಆಗೂತನಾ ಪಾಳಿ ಹಚ್ಚತಾವ."

ರೊಟ್ಟಿ ಖಡಕ್ ಆಗಬೇಕಾದರೆ ಬೆಂದ ಮೇಲೆ ಒಲೆಯ ಸುತ್ತ ಆನಿಸಿ ಸಣ್ಣ ಕಾವಿನಲ್ಲಿ ಒಣಗಿಸಬೇಕು. ನಮ್ಮ ಎರಡು ಒಲೆಗಳ ಸುತ್ತ ಒಮ್ಮೆಗೆ ಮೂವತ್ತು ರೊಟ್ಟಿ ನಿಲ್ಲುತ್ತಿದ್ದವು. ಮೇಡಂ ನೋಟ್‌ಬುಕ್ ತಿರುಗಿಸಿ ಎಲ್ಲರಿಗೂ ತೋರಿಸಿದರು. ನಾಲ್ಕು ಜನ ಕೂಡಿ ತಾಸಿಗೆ ನೂರರ ಹತ್ತಿರ ಬಡಿಯುತ್ತೇವೆ. ಆದರೆ ತಾಸಿಗೆ ಒಣಗುವುದು ಅರವತ್ತು. ಬುಟ್ಟಿ ತುಂಬಿದಾಗ ನಾವೆಲ್ಲ ಕೈಕಟ್ಟಿ ಕೂರುತ್ತೇವೆ, ಅದನ್ನೇ ವಿಶ್ರಾಂತಿ ಎಂದುಕೊಂಡಿದ್ದೇವೆ. ಬುಟ್ಟಿಯಲ್ಲಿ ಬೆವತ ರೊಟ್ಟಿ ಆಮೇಲೆ ಒಣಗಿಸುವಾಗ ಒಡೆಯುತ್ತದೆ.

"ಬಡಿಯೂದು ಸಾವಕಾಶ ಇಲ್ಲ. ಒಣಗೂದು ಸಾವಕಾಶ ಅದ," ಎಂದರು. "ಮಷಿನ್ ತಂದ್ರ ಏನಾಗ್ತದ? ಬುಟ್ಟಿ ದೊಡ್ಡದಾಗ್ತದ. ಅಷ್ಟ."

ಭಾವ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮುಖ ಗಂಟಿಕ್ಕಿತು. "ಐನೂರು ರೊಟ್ಟಿ ಆರ್ಡರ ಬಿಡಾಕ ಆಗತೈತೇನ್ರಿ? ಯಾರು ಕೊಡತಾರ್ರಿ ನಮಗ ವರ್ಷಾನುಗಟ್ಲೆ ಕೆಲಸ?"

"ಬಿಡೂದೋ ಹಿಡಿಯೂದೋ ಆಮ್ಯಾಲೆ. ಮೊದಲ ಒಂದು ರೊಟ್ಟಿಗೆ ಏನು ಬೀಳ್ತದ ಬರಿಯೋಣು, ಬರ್ರಿ."

ಹಿಟ್ಟು, ಕಟ್ಟಿಗೆ, ಗ್ಯಾಸು, ಪ್ಲಾಸ್ಟಿಕ್ ಚೀಲ, ಬಸ್ಸಿಗೆ ಹಾಕುವ ಖರ್ಚು, ಒಡೆದುಹೋಗುವ ರೊಟ್ಟಿ, ಶಾಂತವ್ವ ಮಲ್ಲವ್ವರ ಕೂಲಿ. ಎಲ್ಲ ಬರೆದಾಯಿತು. ಮೇಡಂ ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು.

"ನಿನ್ನ ಕೂಲಿ ಎಲ್ಲಿ ಹಿಡದಿ?"

ಹೂವಿನ ಹೆಂಗಸಿನ ಕಥೆ ಕೇಳಿ ನಕ್ಕಿದ್ದ ನಾನೇ ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೆ.

"ನಿಮ್ಮ ಅತ್ತೀದು?"

"ಮನಿ ಮಂದಿಗೆ ಎಂಥಾ ಕೂಲಿ ಬಿಡ್ರಿ," ಎಂದರು ಭಾವ.

"ಹಂಗಾರ ನಾಳೆ ನಿಮ್ಮ ಅವ್ವಾರು ಮಗಳ ಮನಿಗೆ ಹೋಗಿ ಹದಿನೈದು ದಿನ ಕೂಡ್ತಾರ ಅನ್ಕೋರಿ. ಅವರ ಜಾಗಾಕ್ಕ ಬರಾಕಿ ಪುಕ್ಕಟ ಬರ್ತಾಳೇನು?"

ಮೇಡಂ ಇಬ್ಬರ ಕೂಲಿಯನ್ನೂ ಬರೆದು ಕೂಡಿಸಿದರು. ಗುತ್ತಿಗೆದಾರರ ದರಕ್ಕೆ ಕೊಟ್ಟರೆ ಒಂದೊಂದು ರೊಟ್ಟಿಗೆ ನಮಗೇ ಎಂಟಾಣೆ ನಷ್ಟವಾಗುತ್ತಿತ್ತು. ಮಷಿನ್ನಿನ ಕಂತು ಇನ್ನೂ ಹಿಡಿದಿರಲೇ ಇಲ್ಲ.

"ದಿನಕ್ಕ ಐನೂರು ರೊಟ್ಟಿ ಅಂದ್ರ ದಿನಾ ಎರಡುನೂರಾ ಐವತ್ತು ರೂಪಾಯಿ ಆ ಮನಷಾಗ ನೀವ ಕೊಟ್ಟು ಕಳಿಸಿದಂಗ. ಇಷ್ಟು ದಿನ ನಿಮಗ ಲಾಭ ಅಂತ ಕಂಡದ್ದು ಲಾಭ ಅಲ್ರಿ. ಈ ಇಬ್ಬರು ಹೆಣ್ಣುಮಕ್ಕಳ ತಗೊಳ್ಳದ ಪಗಾರ."

ಭಾವ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷ ಬೇರೆಯವರ ಮಗ್ಗ ರಿಪೇರಿ ಮಾಡಿದವರಿಗೆ ತಮ್ಮದೂ ಅಂತ ಒಂದು ಮಷಿನ್ ಇರಲಿ ಎಂಬ ಆಸೆ ಇತ್ತು.

ಮೇಡಂ ಎದ್ದು ಹೋಗಿ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತರು. ಕಿಟಕಿಯಿಂದ ಕೇಳಿಸಿತು.

"ನಿಮಗ ವೆಲ್ಡಿಂಗ್ ಬರ್ತದೇನ್ರಿ?"

"ಮಗ್ಗ ರಿಪೇರಿ ಮಾಡಾಂವಗ ವೆಲ್ಡಿಂಗ್ ಬರೂದಿಲ್ಲೇನ್ರಿ?" ಭಾವನ ದನಿ ಇನ್ನೂ ಬಿಗುವಾಗಿತ್ತು.

"ಹಂಗಾರ ಮಷಿನ್ ಯಾಕ ತರ್ತೀರಿ? ನೀವ ಒಂದು ಮಾಡ್ರಿ. ಒಲಿ ಕಾವು ಕೆಳಗಿಂದ ಹೋಗಬೇಕು, ಮ್ಯಾಲೆ ಐದು ಅಂತಸ್ತು ತಂತಿ ಜಾಳಗಿ, ಒಮ್ಮೆಗೆ ನೂರು ರೊಟ್ಟಿ ನಿಲ್ಲಬೇಕು. ಹೆಂಗ ಮಾಡೂದು ನನಗ ಗೊತ್ತಿಲ್ಲ. ನಾ ಲೆಕ್ಕದಾಕಿ."

ಆಮೇಲೆ ಭಾವ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆಯುವುದು ಕಂಡಿತು. "ಹಿಂಗ ಸೀದಾ ಇಟ್ರ ಕೆಳಗಿನೂ ಸುಡತಾವ್ರಿ, ಮ್ಯಾಲಿನೂ ಹಸಿ ಉಳಿತಾವ. ಅಡ್ಡ ತಗಡು ಬೇಕು..." ಮೇಡಂ ಹೂಂ, ಹೂಂ ಎನ್ನುತ್ತ ಗೆರೆಗಳ ಮೇಲೆ ಬಗ್ಗಿದ್ದರು.

ಸೋಮವಾರ ಯಾರೂ ಮುಂಗಡ ಕೊಡಲು ಹೋಗಲಿಲ್ಲ. ಗುತ್ತಿಗೆದಾರರಿಗೆ ನಾನೇ ಫೋನ್ ಮಾಡಿ, ನಮಗೆ ಗಿಟ್ಟುವ ದರ ಇಷ್ಟು ಎಂದೆ. "ಆಗಂಗಿಲ್ಲ ಬಿಡ್ರಿ," ಎಂದು ಫೋನ್ ಇಟ್ಟರು. ಮತ್ತೆಂದೂ ಬರಲಿಲ್ಲ. ಆ ವಾರ ನಾನು ಎಷ್ಟು ಹೆದರಿದ್ದೆ ಎಂದರೆ ಪ್ರತಿ ಸಲ ಫೋನ್ ರಿಂಗಾದಾಗಲೂ ಅವರೇ ಇರಬಹುದು, ಹಳೆಯ ದರಕ್ಕೇ ಒಪ್ಪಿಬಿಡೋಣ ಎಂದುಕೊಳ್ಳುತ್ತಿದ್ದೆ. ಒಪ್ಪದಂತೆ ನನ್ನನ್ನು ತಡೆದದ್ದು ಹಿತ್ತಲಲ್ಲಿ ನಡೆದಿದ್ದ ಭಾವನ ಸುತ್ತಿಗೆಯ ಬಡಿತ. ಹಳೆಯ ಮಗ್ಗದ ಕಬ್ಬಿಣದ ಪಟ್ಟಿ, ಗುಜರಿಯ ಜಾಳಿಗೆ, ತಗಡು ತಂದು ನಾಲ್ಕು ದಿನದಲ್ಲಿ ಐದಂತಸ್ತಿನ ಕಪಾಟು ನಿಲ್ಲಿಸಿದರು. ಮೊದಲ ದಿನ ಕೆಳಗಿನ ಸಾಲು ಕರಕಾಯಿತು. ತಗಡು ಸರಿಸಿದರು. ಎರಡನೆಯ ದಿನ ಮೇಲಿನ ಸಾಲು ಹಸಿಯುಳಿಯಿತು. ಮತ್ತೆ ಸರಿಸಿದರು. ಮೂರನೆಯ ದಿನ ಅತ್ತೆ ಮೇಲಿನದೊಂದು, ಕೆಳಗಿನದೊಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಮುರಿದು ಸಪ್ಪಳ ಕೇಳಿದರು. "ಆತು," ಎಂದರು. ಭಾವ ತಮ್ಮ ಕಪಾಟಿನ ಫೋಟೋ ತೆಗೆದು ಊರಿನವರಿಗೆಲ್ಲ ಕಳಿಸಿದರು.

ಅಂದಿನಿಂದ ನಾಲ್ಕುನೂರು ರೊಟ್ಟಿ ಮಧ್ಯಾಹ್ನ ಹನ್ನೆರಡಕ್ಕೇ ಮುಗಿಯತೊಡಗಿದವು. ಒಡೆಯುವುದು ನಿಂತೇಹೋಯಿತು ಎನ್ನಬೇಕು. ಉಳಿದ ಹೊತ್ತಿನಲ್ಲಿ ನಾನು ಮಹಾಲಿಂಗಪುರಕ್ಕೆ ಹೋಗಿ ಎರಡು ಖಾನಾವಳಿಗಳ ಆರ್ಡರ್ ಹಿಡಿದೆ. ಶಾಂತವ್ವ, ಮಲ್ಲವ್ವರ ಮಾತು ಮೊದಲಿಗಿಂತ ಹೆಚ್ಚಾಯಿತು. ಪಾಟ್ಲಿ ಡಬ್ಬಿಯಿಂದ ಕೈಗೆ ಬಂದವು, ಅರಿಷಿಣ ತೊಳೆಯಲು ಎರಡು ದಿನ ಹಿಡಿಯಿತು.

ಮೇಡಂ ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದರು ಎಂದು ಬರೆದರೆ ಅವರೇ ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಾರೆ. ಕಪಾಟು ಗೆದ್ದ ಹುರುಪಿನಲ್ಲಿ ಮುಂದಿನ ತಿಂಗಳು ಮತ್ತೆ ಬಂದು, ಕೆಲಸ ಹಂಚಬೇಕು ಎಂದರು. ಒಬ್ಬರು ಬರೀ ನಾದುವುದು, ಇಬ್ಬರು ಬರೀ ಬಡಿಯುವುದು, ಒಬ್ಬರು ಬರೀ ಬೇಯಿಸುವುದು. ಪುಸ್ತಕದ ಪ್ರಕಾರ ತಾಸಿಗೆ ಇಪ್ಪತ್ತು ರೊಟ್ಟಿ ಹೆಚ್ಚಾಗಬೇಕಿತ್ತು. ಹದಿನೈದು ಕಡಿಮೆಯಾದವು. ಮಲ್ಲವ್ವನ ಮಣಿಕಟ್ಟು ಊದಿತು. ಮೂರನೆಯ ದಿನ ಅತ್ತೆ ಕೈ ತೊಳೆದುಕೊಂಡು ಎದ್ದುನಿಂತು ಮೇಡಂಗೆ ಫೋನ್ ಹಚ್ಚು ಎಂದರು.

"ಅಕ್ಕಾರ, ನಾದಿದ ಕೈ ಒಂದು, ಬಡಿಯೂ ಕೈ ಒಂದಾದ್ರ ರೊಟ್ಟಿ ಹರೀತೈತ್ರಿ. ಹಿಟ್ಟು ಎಷ್ಟು ನೀರು ಕುಡದೈತಿ ಅನ್ನೂದು ನಾದಿದಾಕಿಗೇ ಗೊತ್ತು. ಮತ್ತೊಬ್ಬಾಕಿಗೆ ಹೆಂಗ ತಿಳೀಬೇಕು? ಮ್ಯಾಲ, ಒಬ್ಬೊಬ್ಬರು ಒಂದೊಂದು ಮೂಲ್ಯಾಗ ಕುಂತ್ರ ಮಾತಾಡೂದು ಯಾರ ಜೋಡಿ?"

ಆ ಕಡೆಯಿಂದ ಬಂದ ನಗು ದೂರ ನಿಂತಿದ್ದ ನನಗೂ ಕೇಳಿಸಿತು. "ತಪ್ಪಾತ್ರಿ ಅವ್ವಾರ, ಪೂರಾ ತಪ್ಪಾತು. ಸ್ವಲ್ಪ ಸಾವಕಾಶ ಹೇಳ್ರಿ, ಬರಕೋತೀನಿ." ಮರುವಾರ ಅವರು ಈ ಮಾತನ್ನು ಇದ್ದಂತೆಯೇ ತರಗತಿಯಲ್ಲಿ ಓದಿ ಹೇಳಿದರಂತೆ. ಹಾಗೆ ಓದುವಾಗ ಅತ್ತೆಯ ಹೆಸರನ್ನು ಹಲಗೆಯ ಮೇಲೆ ಬರೆದಿದ್ದರಂತೆ. ಅದನ್ನು ತಿಳಿದ ಅತ್ತೆ ಒಂದು ವಾರ ಓಣಿಯಲ್ಲಿ ತಲೆಯೆತ್ತಿ ನಡೆದರು.

ಅತ್ತೆಯ ಪಗಾರದ ಕಥೆಯನ್ನು ಹೇಳಲೇಬೇಕು. ಲೆಕ್ಕ ಬರೆದ ಮೊದಲ ತಿಂಗಳ ಕೊನೆಗೆ ಒಂದು ಲಕೋಟೆಯಲ್ಲಿ ಹಣ ಹಾಕಿ ಅವರ ಕೈಗೆ ಕೊಟ್ಟೆ. "ನನಗ್ಯಾಕ ಬೇ ಇದು? ಉಣ್ಣಾಕ ಕಡಿಮಿ ಆಗೈತೇನ?" ಎಂದು ವಾಪಸು ತಳ್ಳಿದರು. ಮೇಡಂ ಹೇಳ್ಯಾರ ಎಂದೆ. ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಆಮೇಲೆ ಕೇಳಿದರು.

"ಪಗಾರ ಅಂದ ಮ್ಯಾಲೆ ಸೂಟಿನೂ ಇರತೈತಿ, ಹೌದಿಲ್ಲೋ?"

ಮಂಗಳವಾರ ಸೂಟಿ ಹಾಕಿದರು. ತಂಗಿಯನ್ನು ಕರೆದುಕೊಂಡು, ಹೊಸ ಸೀರೆ ಉಟ್ಟು, ಬಸ್ಸು ಹತ್ತಿ ಚಿಕ್ಕಪಡಸಲಗಿಗೆ ಹೋಗಿ ಬ್ಯಾರೇಜಿನ ಮೇಲೆ ನಿಂತು ದಿನವಿಡೀ ಕೃಷ್ಣೆಯ ನೀರು ನೋಡಿ ಬಂದರು. ಅರವತ್ತೆಂಟು ವರ್ಷದಲ್ಲಿ ಯಾರ ಮದುವೆಯೂ ಅಲ್ಲದ, ಯಾರ ಸಾವೂ ಅಲ್ಲದ ಕಾರಣಕ್ಕೆ ಅವರು ಊರು ಬಿಟ್ಟದ್ದು ಅದೇ ಮೊದಲು. ಅಂದು ನಾವು ಮೂವರು ಎರಡು ಗಂಟೆಯವರೆಗೂ ರೊಟ್ಟಿ ಬಡಿದೆವು. ಸಂಜೆ ಬಂದ ಅತ್ತೆ ಗೋಡೆಗೆ ಒರಗಿ, "ಎಷ್ಟಕ್ಕ ಮುಗೀತು?" ಎಂದು ಕೇಳಿದರು. ಹೇಳಿದಾಗ ಅವರ ಮುಖ ಬೆಳಗಿತು.

ಬೀಳ್ಕೊಡುಗೆಯ ದಿನ ಸಭಾಂಗಣದಲ್ಲಿ ಪ್ರಾಧ್ಯಾಪಕರಿಗಿಂತ ಅಂಗಡಿಯವರೇ ಹೆಚ್ಚಾಗಿದ್ದರು. ಸೈಕಲ್ ರಿಪೇರಿಯವರು, ದರ್ಜಿ, ಬೆಲ್ಲದ ವ್ಯಾಪಾರಿ, ಚಿಮ್ಮಡದಿಂದ ಬಂದ ಹಾಲಿನವರು. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಕಥೆ. ಮೇಡಂ ಎರಡೇ ನಿಮಿಷ ಮಾತಾಡಿದರು. "ನಾ ಕಲಿಸಿದ್ದು ನಿಮಗ ನೆನಪದ ಅಂತೀರಿ. ನನಗ ನೆನಪಿರೂದು ನಾ ತಪ್ಪಿದ್ದು," ಎಂದು ತಮ್ಮ ನಾಲ್ಕು ತಪ್ಪುಗಳನ್ನು ಹೇಳಿ ಎಲ್ಲರನ್ನೂ ನಗಿಸಿ ಕೂತುಬಿಟ್ಟರು.

ಇದಾಗಿ ಒಂದು ವಾರಕ್ಕೆ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಯಾವುದೋ ಹೊಸ ಉಪಾಯ ತಂದಿದ್ದಾರೆಂದು ಶಾಂತವ್ವ ನನ್ನ ಮುಖ ನೋಡಿದಳು. ಮೇಡಂ ಚೀಲ ಗೂಟಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆಯ ಎದುರು ನೆಲಕ್ಕೇ ಕೂತರು.

"ಅವ್ವಾರ, ನನಗ ರೊಟ್ಟಿ ಬಡಿಯಲಿಕ್ಕೆ ಬರೂದಿಲ್ಲ. ಅಕ್ಕ ಮಾಡಿ ಹಾಕಿದ್ದ ಉಂಡು ಅರವತ್ತು ವರ್ಷ ಕಳದೆ. ಈಗ ಆಕಿ ಕೈಯಾಗ ಶಕ್ತಿ ಇಲ್ಲ. ಕಲಿಸ್ತೀರೇನು?"

ಅತ್ತೆ ಹಿಟ್ಟಿನ ಪರಾತ ಅವರ ಕಡೆ ತಳ್ಳಿದರು. ಮೊದಲನೆಯದು ನಡುವೆ ಹರಿಯಿತು. ಎರಡನೆಯದು ಅಂಚಿನಲ್ಲಿ. ಮೂರನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. "ಕೈ ಬಿಗಿ ಹಿಡದೀರಿ. ಸಡಲ ಬಿಡ್ರಿ, ಅದು ತಾನಾ ತಿರಗತೈತಿ," ಎನ್ನುತ್ತ ಅತ್ತೆ ಅವರ ಬೆರಳುಗಳನ್ನು ತಮ್ಮ ಬೆರಳಿಂದ ಬಿಡಿಸಿದರು. ಕನ್ನಡಕದ ಮೇಲೆಲ್ಲ ಹಿಟ್ಟು. ನಗು ತಡೆಯಲಾಗದೆ ಮಲ್ಲವ್ವ ಹೊರಗೆ ಹೋಗಿ ಬಂದಳು. ಏಳನೆಯ ರೊಟ್ಟಿ ಹರಿಯಲಿಲ್ಲ. ದುಂಡಗಿರಲಿಲ್ಲ, ಒಂದು ಕಡೆ ದಪ್ಪ, ಆದರೆ ಹಂಚಿನ ಮೇಲೆ ಉಬ್ಬಿತು. ಮೇಡಂ ಮಗುವಿನಂತೆ ಚಪ್ಪಾಳೆ ತಟ್ಟಿದರು.

ಊಟಕ್ಕೆ ನಿಲ್ಲಿ ಎಂದರೂ ನಿಲ್ಲಲಿಲ್ಲ. ಆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪೇಪರ್ ಸುತ್ತಿ, ಎರಡು ಕೈಯಲ್ಲಿ ಹಿಡಿದು ಜಮಖಂಡಿಯ ಬಸ್ಸು ಹತ್ತಿದರು. "ಬಿಸಿ ಇರೂತನಕ ಅಕ್ಕಗ ಮುಟ್ಟಿಸಬೇಕು," ಎಂದರು. ಕಂಡಕ್ಟರ್ ಟಿಕೀಟು ಕೇಳಿದಾಗ ಅವರಿಗೆ ಕೈ ಬಿಡುವಿರಲಿಲ್ಲ. ಪಕ್ಕದ ಹೆಂಗಸು ಅವರ ಚೀಲದಿಂದ ಹಣ ತೆಗೆದು ಕೊಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಆ ಪೊಟ್ಟಣವನ್ನು ಕಿಟಕಿಯಲ್ಲಿ ಎತ್ತಿ ಹಿಡಿದು ನಮಗೆ ತೋರಿಸುತ್ತಲೇ ಇದ್ದರು.